ಶಿಶುಗಳಲ್ಲಿ ಹಾಲು ಕುಡಿಯುವ ತೊಂದರೆ ಮತ್ತು ಕುಟುಂಬಕ್ಕೆ ನೆರವು

ಶಿಶುಗಳಲ್ಲಿ ಹಾಲು ಕುಡಿಯುವ ತೊಂದರೆ ಎಂಬುದು, ಒಂದು ವರ್ಷದೊಳಗಿನ ಮಗುವು ತನ್ನ ಬೆಳವಣಿಗೆಗೆ ಬೇಕಾದಷ್ಟು ಹಾಲನ್ನಾಗಲಿ ಆಹಾರವನ್ನಾಗಲಿ ಬಾಯಿಯ ಮೂಲಕ ಸುರಕ್ಷಿತವಾಗಿ ತೆಗೆದುಕೊಳ್ಳಲಾರದ ಸ್ಥಿತಿಯಾಗಿದೆ. ಇದು ತಾನೇ ಒಂದು ರೋಗವಲ್ಲ. ದಿನ ತುಂಬದೆ ಹುಟ್ಟುವುದು, ಸೀಳು ಅಂಗುಳ, ಹುಟ್ಟಿನಿಂದಲೇ ಬಂದ ಹೃದಯದ ದೋಷ, ನರಮಂಡಲಕ್ಕೆ ಆದ ಹಾನಿ ಮೊದಲಾದ ಸ್ಥಿತಿಗಳ ಲಕ್ಷಣವಾಗಿ ಕಾಣಿಸಿಕೊಳ್ಳುತ್ತದೆ. ಇಂತಹ ಮಗುವಿನ ಚಿಕಿತ್ಸೆ ಆಸ್ಪತ್ರೆಯಲ್ಲಿ ಆರಂಭವಾದರೂ ಅದರ ಬಹುಭಾಗ ನಡೆಯುವುದು ಮನೆಯಲ್ಲಿ, ದಿನಕ್ಕೆ ಎಂಟು ಬಾರಿಯಾದರೂ, ತಾಯಿಯ ಅಥವಾ ಅಜ್ಜಿಯ ಮಡಿಲಿನಲ್ಲಿ. ಆದ್ದರಿಂದ ಕುಟುಂಬಕ್ಕೆ ನೀಡುವ ನೆರವನ್ನು ಔದಾರ್ಯವೆಂದಲ್ಲ, ಚಿಕಿತ್ಸೆಯ ಒಂದು ಅಂಗವೆಂದೇ ಪರಿಗಣಿಸಬೇಕಾಗುತ್ತದೆ.

ಹಾಲು ಕುಡಿಯುವ ಕ್ರಿಯೆ

ಶಿಶುವು ಹಾಲು ಕುಡಿಯುವುದು ಸಹಜವಾಗಿ ಕಂಡರೂ ಅದು ಬಹಳ ಸೂಕ್ಷ್ಮವಾದ ಕೆಲಸ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದರ ಹಿಂದೊಂದು ತಾಳ ತಪ್ಪದೆ ನಡೆಯಬೇಕು. ಗಂಟಲಿನ ಹಿಂಭಾಗದಲ್ಲಿ ಅನ್ನನಾಳ ಮತ್ತು ಶ್ವಾಸನಾಳಗಳ ದಾರಿಗಳು ಒಂದನ್ನೊಂದು ಹಾಯುವುದರಿಂದ, ನುಂಗುವ ಕ್ಷಣದಲ್ಲಿ ಉಸಿರು ನಿಂತು ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಗರ್ಭದಲ್ಲಿರುವ ಮಗು ಚೀಪುವುದನ್ನು ಬೇಗನೆ ಕಲಿಯುತ್ತದೆಯಾದರೂ, ಈ ಮೂರು ಕ್ರಿಯೆಗಳ ಹೊಂದಾಣಿಕೆ ಸುಮಾರು 34 ವಾರಗಳ ವೇಳೆಗೆ ಮಾತ್ರ ಪಕ್ವವಾಗುತ್ತದೆ.

ಹೊಂದಾಣಿಕೆ ತಪ್ಪಿದಾಗ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಮಗು ಕೆಮ್ಮಿ ಅದನ್ನು ಹೊರಹಾಕುತ್ತದೆ. ನರಗಳು ದುರ್ಬಲವಾಗಿರುವ ಕೆಲವು ಶಿಶುಗಳಲ್ಲಿ ಕೆಮ್ಮೂ ಬರುವುದಿಲ್ಲ. ಹಾಲು ಸದ್ದಿಲ್ಲದೆ ಶ್ವಾಸಕೋಶವನ್ನು ಸೇರುತ್ತದೆ. ಇಂತಹ ಮಗುವಿಗೆ ಪದೇ ಪದೇ ನ್ಯುಮೋನಿಯಾ ಬರುತ್ತಿರುತ್ತದೆ, ಮನೆಯವರು ಮಾತ್ರ ಅದನ್ನು ಶೀತವೆಂದೇ ತಿಳಿದಿರುತ್ತಾರೆ.

ಕಾರಣಗಳು

ಅತ್ಯಂತ ಸಾಮಾನ್ಯವಾದ ಕಾರಣ ದಿನ ತುಂಬದೆ ಹುಟ್ಟುವುದು. 34 ವಾರಗಳಿಗಿಂತ ಮೊದಲು ಹುಟ್ಟಿದ ಮಗುವಿಗೆ ಎದೆಹಾಲು ಜೀರ್ಣಿಸಿಕೊಳ್ಳುವ ಶಕ್ತಿ ಇದ್ದರೂ ಕುಡಿಯುವ ಶಕ್ತಿ ಇರುವುದಿಲ್ಲ. ಇದು ಕಾಲ ಕಳೆದಂತೆ ಬಹುಮಟ್ಟಿಗೆ ಸರಿಹೋಗುವ ತೊಂದರೆಯಾಗಿದೆ.

ಸೀಳುತುಟಿ ಮತ್ತು ಸೀಳು ಅಂಗುಳ ಇನ್ನೊಂದು ಬಗೆಯವು. ತುಟಿ ಮಾತ್ರ ಸೀಳಿದ್ದರೆ ಹೆಚ್ಚಿನ ಶಿಶುಗಳು ಸ್ವಲ್ಪ ಅಭ್ಯಾಸದಿಂದ ತಾಯಿಯ ಎದೆಯಿಂದಲೇ ಹಾಲು ಕುಡಿಯಬಲ್ಲವು. ತಾಯಿಯ ಸ್ತನವೇ ಆ ಸೀಳನ್ನು ಮುಚ್ಚುತ್ತದೆ. ಅಂಗುಳ ಸೀಳಿದ್ದರೆ ಪರಿಸ್ಥಿತಿ ಬೇರೆ. ಹಾಲು ಹೀರಲು ಬಾಯಿಯೊಳಗೆ ಗಾಳಿಯ ಒತ್ತಡ ಕಡಿಮೆಯಾಗಬೇಕು. ಬಾಯಿ ಮತ್ತು ಮೂಗಿನ ನಡುವಿನ ಗೋಡೆಯೇ ತೆರೆದಿರುವಾಗ ಅದು ಸಾಧ್ಯವಾಗದು. ತೂತಾದ ಕೊಳವೆಯಿಂದ ಎಳನೀರು ಹೀರಲು ಹೊರಟಂತೆ, ಮಗು ಎಷ್ಟೇ ಶ್ರಮಿಸಿದರೂ ಹಾಲು ಬರುವುದಿಲ್ಲ. ಮಗು ಎದೆಗೆ ಬಾಯಿಟ್ಟು ಅರ್ಧ ಗಂಟೆ ಚೀಪಿದ್ದನ್ನು ಕಂಡು ಹೊಟ್ಟೆ ತುಂಬಿತೆಂದು ಮನೆಯವರು ಭಾವಿಸುವುದೇ ಇಲ್ಲಿನ ಅಪಾಯ. ಮೃದು ಅಂಗುಳ ಮಾತ್ರ ಸೀಳಿದ್ದು ತುಟಿ ಸರಿಯಾಗಿದ್ದರೆ ಹೊರಗಿನಿಂದ ಏನೂ ಕಾಣದು. ಆದ್ದರಿಂದ ಹುಟ್ಟಿದ ಪ್ರತಿ ಮಗುವಿನ ಬಾಯಿಯನ್ನು ಬೆಳಕಿನಲ್ಲಿ ತೆರೆದು ನೋಡುವುದು ಅಗತ್ಯ.

ಹುಟ್ಟಿನಿಂದ ಹೃದಯದ ದೋಷವಿರುವ ಮಗುವಿಗೆ ಹಾಲು ಕುಡಿಯುವುದೇ ಬೆಟ್ಟ ಹತ್ತಿದಷ್ಟು ಆಯಾಸ. ಸ್ವಲ್ಪ ಕುಡಿದು ನಿಲ್ಲಿಸುವುದು, ಏದುಸಿರು ಬಿಡುವುದು, ಹಣೆಯ ಮೇಲೆ ಬೆವರೊಡೆಯುವುದು ಅದರ ಸೂಚನೆಗಳು. ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಸ್ನಾಯುಗಳು ಸಡಿಲವಾಗಿರುವುದರಿಂದಲೂ, ಮಿದುಳಿನ ಪಾರ್ಶ್ವವಾಯು ಇರುವವುಗಳಲ್ಲಿ ನಾಲಿಗೆ ಮತ್ತು ದವಡೆಗಳ ಹತೋಟಿ ತಪ್ಪಿರುವುದರಿಂದಲೂ ತೊಂದರೆ ಉಂಟಾಗುತ್ತದೆ. ಕೆಳದವಡೆ ತೀರಾ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರನ್ನೇ ತಡೆಯುವ ಸ್ಥಿತಿಯನ್ನು ಫ್ರಾನ್ಸಿನ ದಂತವೈದ್ಯ ಪಿಯೆರ್ ರೊಬಾಂ ಅವರು 1923ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಬಂದಿದೆ. ಮಗು ಕುಡಿದ ಹಾಲನ್ನು ಸ್ವಲ್ಪ ಕಕ್ಕುವುದು ಮಾತ್ರ ಹೆಚ್ಚಿನ ಶಿಶುಗಳಲ್ಲಿ ಸಹಜವಾದುದು. ತೂಕ ಸರಿಯಾಗಿ ಏರುತ್ತಿದ್ದರೆ ಅದನ್ನು ಈ ಗುಂಪಿಗೆ ಸೇರಿಸಬೇಕಾಗಿಲ್ಲ.

ಗುರುತಿಸುವ ಬಗೆ

ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ತೂಕ ತುಸು ಇಳಿಯುತ್ತದೆ. ಈ ಇಳಿಕೆ ಹುಟ್ಟಿನ ತೂಕದ ಶೇಕಡಾ 10ನ್ನು ಮೀರಬಾರದು. ದಿನ ತುಂಬಿ ಹುಟ್ಟಿದ ಮಗು ಸುಮಾರು ಎರಡು ವಾರಗಳೊಳಗೆ ಮೊದಲಿನ ತೂಕಕ್ಕೆ ಮರಳಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರುವುದು ಸಮಾಧಾನಕರ. ತೂಕದ ಯಂತ್ರ ಹತ್ತಿರವಿಲ್ಲದ ಮನೆಯಲ್ಲಿ ಒದ್ದೆಯಾದ ಬಟ್ಟೆಗಳನ್ನು ಎಣಿಸುವುದು ಉತ್ತಮ ಉಪಾಯ: ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಮಗು ಮೂತ್ರ ಮಾಡಬೇಕು.

ಪ್ರತಿ ಬಾರಿ ಹಾಲು ಕುಡಿಯಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು, ಮೂಗಿನಿಂದ ಹಾಲು ಬರುವುದು, ಕುಡಿಯುವಾಗ ಗಂಟಲಿನಲ್ಲಿ ಗೊರಗೊರ ಸದ್ದಾಗುವುದು, ಹಾಲಿನ ಹೊತ್ತಾದರೂ ಏಳದೆ ಮಂಕಾಗಿ ಮಲಗಿರುವುದು ಇವೆಲ್ಲ ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳು. ತುಟಿ ಅಥವಾ ನಾಲಿಗೆ ನೀಲಿಯಾಗುವುದು, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾಗುವುದು, ಎದೆಗೂಡು ಒಳಕ್ಕೆ ಸೆಳೆಯುವುದು, ಹಸಿರು ಬಣ್ಣದ ವಾಂತಿ, ಹಾಲನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗುವವರೆಗೆ ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸದ್ದಿಲ್ಲದೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತಿದೆಯೇ ಎಂದು ತಿಳಿಯಲು, ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಹಾಲಿನೊಡನೆ ಬೆರೆಸಿ ಕುಡಿಸಿ, ನುಂಗುವುದನ್ನು ಚಲಿಸುವ ಚಿತ್ರವಾಗಿ ನೋಡುವ ಪರೀಕ್ಷೆಯಿದೆ. ಇದನ್ನು ವೈದ್ಯರು ಮತ್ತು ವಾಕ್ ಚಿಕಿತ್ಸಕರು ಒಟ್ಟಾಗಿ ನಡೆಸುತ್ತಾರೆ. ಮಾತನ್ನು ಕಲಿಸುವವರಿಗೂ ಹಾಲು ಕುಡಿಸುವುದಕ್ಕೂ ಏನು ಸಂಬಂಧವೆಂದು ಹಲವರು ಅಚ್ಚರಿಪಡುವುದುಂಟು. ತುಟಿ, ನಾಲಿಗೆ, ಅಂಗುಳ, ಗಂಟಲು ಎರಡು ಕೆಲಸಕ್ಕೂ ಒಂದೇ ಆಗಿರುವುದರಿಂದ ನುಂಗುವ ತೊಂದರೆಗಳೂ ಅವರ ಶಾಸ್ತ್ರಕ್ಕೆ ಸೇರಿವೆ.

ಹಾಲು ಕುಡಿಸುವ ವಿಧಾನಗಳು

ಎದೆಯಿಂದ ನೇರವಾಗಿ ಕುಡಿಯಲಾರದ ಮಗುವಿಗೂ ಎದೆಹಾಲೇ ಉತ್ತಮ ಆಹಾರ. ತಾಯಿಯು ಕೈಯಿಂದಾಗಲಿ ಪಂಪಿನಿಂದಾಗಲಿ ದಿನಕ್ಕೆ ಸುಮಾರು ಎಂಟು ಬಾರಿ, ರಾತ್ರಿಯೂ ಸೇರಿದಂತೆ, ಹಾಲು ಹಿಂಡಿ ತೆಗೆದರೆ ಹಾಲಿನ ಉತ್ಪತ್ತಿ ಉಳಿಯುತ್ತದೆ. ಹೆರಿಗೆಯಾದ ಮೊದಲ ಗಂಟೆಗಳಿಂದಲೇ ಇದನ್ನು ಆರಂಭಿಸಬೇಕು. ಮಗು ಚೀಪುವುದನ್ನು ಕಲಿಯಲಿ ಎಂದು ಕಾದರೆ ಹಾಲು ಬತ್ತಿಹೋಗುತ್ತದೆ. ತೆಗೆದ ಹಾಲನ್ನು ಮುಚ್ಚಿದ ಶುಚಿಯಾದ ಪಾತ್ರೆಯಲ್ಲಿ ಹೊರಗಡೆ ನಾಲ್ಕು ಗಂಟೆಯವರೆಗೆ ಇಡಬಹುದು. ತಾಯಿಯ ಹಾಲು ಸಾಲದಾದಾಗ, ಬಹಳ ಚಿಕ್ಕ ಶಿಶುಗಳಿಗೆ ಎದೆಹಾಲಿನ ಬ್ಯಾಂಕುಗಳು ನೆರವಾಗುತ್ತವೆ. ಏಷ್ಯಾದ ಮೊದಲ ಎದೆಹಾಲು ಬ್ಯಾಂಕನ್ನು ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಸ್ಥಾಪಿಸಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇಂತಹ ಬ್ಯಾಂಕ್ ಇದೆ.

ಹಿಂಡಿದ ಹಾಲನ್ನು ಕುಡಿಸಲು ದಕ್ಷಿಣ ಭಾರತದ ಮನೆಗಳಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿರುವ ಒಳಲೆ ಅತ್ಯುತ್ತಮ ಸಾಧನವಾಗಿದೆ. ಉದ್ದನೆಯ ಮೂತಿಯುಳ್ಳ ಈ ಪುಟ್ಟ ಬಟ್ಟಲನ್ನು ತಮಿಳಿನಲ್ಲಿ ಪಾಲಾಡೈ ಎನ್ನುತ್ತಾರೆ. ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ತಮಿಳಿನ ಹೆಸರೇ ಪ್ರಚಾರದಲ್ಲಿರುವುದರಿಂದ, ದಾದಿಯರು ಪಾಲಡೈ ತನ್ನಿರಿ ಎಂದಾಗ ಅದು ತಮ್ಮ ಮನೆಯ ಕಪಾಟಿನಲ್ಲಿರುವ ಬೆಳ್ಳಿಯ ಒಳಲೆಯೇ ಎಂದು ಅಜ್ಜಿಯರಿಗೆ ತಿಳಿಯದೆ ಹೋಗುವುದುಂಟು. ಸಾಧನ ಹಳೆಯದಾದರೂ ಆಸ್ಪತ್ರೆಯ ಕ್ರಮ ಮನೆಯ ರೂಢಿಗಿಂತ ಭಿನ್ನವಾಗಿದೆ. ಹಲವು ಮನೆಗಳಲ್ಲಿ ಮಗುವನ್ನು ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿಸಿ, ಅಳುತ್ತಿರುವಾಗಲೇ ಹಾಲನ್ನು ಗಂಟಲಿಗೆ ಹೊಯ್ಯುವ ಅಭ್ಯಾಸವಿದೆ. ನುಂಗುವ ತೊಂದರೆಯಿರುವ ಮಗುವಿಗೆ ಇದು ಪ್ರಾಣಾಪಾಯಕಾರಿ. ಮಗು ಪೂರ್ಣ ಎಚ್ಚರವಾಗಿರಬೇಕು. ತಲೆ ಮತ್ತು ಬೆನ್ನನ್ನು ಎತ್ತಿ ಹಿಡಿದು ಸುಮಾರಾಗಿ ಕುಳಿತ ಭಂಗಿಯಲ್ಲಿರಿಸಬೇಕು. ಒಳಲೆಯ ಮೂತಿಯನ್ನು ಬಾಯಿಯ ಅಂಚಿನಲ್ಲಿಟ್ಟು ತುಸುವೇ ಬಾಗಿಸಬೇಕು. ಒಂದು ಗುಟುಕು ನುಂಗಿದ ಮೇಲೆಯೇ ಮುಂದಿನ ಗುಟುಕು. ಪ್ರತಿ ಬಾರಿಯೂ ಒಳಲೆಯನ್ನು ಸೋಪಿನ ನೀರಿನಲ್ಲಿ ತೊಳೆದು ಕುದಿಸಬೇಕು.

ಸೀಳು ಅಂಗುಳದ ಮಗುವಿಗೆ ಒಳಲೆಯ ಜೊತೆಗೆ, ಮೆತ್ತನೆಯ ಬಾಟಲಿಯನ್ನು ಮಗುವಿನ ಚೀಪುವಿಕೆಗೆ ಸರಿಯಾಗಿ ಮೆಲ್ಲಗೆ ಹಿಸುಕುವ ವಿಧಾನವೂ ಇದೆ. ಸ್ಟಿಕ್ಲರ್ ಸಿಂಡ್ರೋಮ್ ಇದ್ದ ಮಗಳಿಗೆ ಹಾಲು ಕುಡಿಸಲಾಗದೆ ಬಳಲಿದ ಬ್ರಿಟನ್ನಿನ ಮ್ಯಾಂಡಿ ಹೇಬರ್ಮನ್ ಎಂಬ ತಾಯಿ 1980ರ ದಶಕದಲ್ಲಿ ರೂಪಿಸಿದ ವಿಶೇಷ ಬಾಟಲಿಯು ಅನಂತರ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ಇಂತಹ ಶಿಶುಗಳು ಹಾಲಿನೊಡನೆ ಬಹಳ ಗಾಳಿಯನ್ನು ನುಂಗುವುದರಿಂದ ನಡುನಡುವೆ ಭುಜಕ್ಕೆ ಹಾಕಿಕೊಂಡು ತೇಗು ಬರಿಸುವುದು ಮುಖ್ಯ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಡುವೆ, ಅಂಗುಳದ್ದು ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ನಡೆಯುತ್ತದೆ. ಮಗುವಿನ ತೂಕ ಮತ್ತು ರಕ್ತದ ಪ್ರಮಾಣ ಸಾಕಷ್ಟಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಗುತ್ತದೆ. ಎಂದರೆ ಮನೆಯಲ್ಲಿ ಕುಡಿಸಿದ ಪ್ರತಿಯೊಂದು ಒಳಲೆ ಹಾಲೂ ಆ ದಿನವನ್ನು ಹತ್ತಿರ ತರುತ್ತದೆ.

ಬಾಯಿಯಿಂದ ಕುಡಿಸುವುದು ಸುರಕ್ಷಿತವಲ್ಲದಾಗ ಮೂಗಿನ ಅಥವಾ ಬಾಯಿಯ ಮೂಲಕ ಜಠರಕ್ಕೆ ತೆಳುವಾದ ನಳಿಕೆಯನ್ನು ಇಳಿಸಲಾಗುತ್ತದೆ. ನಳಿಕೆ ಜಠರದಲ್ಲಿಯೇ ಇದೆಯೆಂದು ಪ್ರತಿ ಬಾರಿಯೂ ಖಚಿತಪಡಿಸಿಕೊಂಡು, ಹಾಲನ್ನು ಸಿರಿಂಜಿನಿಂದ ಒತ್ತದೆ ತಾನಾಗಿ ಇಳಿಯಲು ಬಿಡಬೇಕು. ಮನೆಗೆ ಕಳಿಸುವ ಮೊದಲು ತಾಯಿಯ ಜೊತೆಗೆ ಮತ್ತೊಬ್ಬರಾದರೂ ದಾದಿಯ ಎದುರಿನಲ್ಲಿ ಇದನ್ನು ಹಲವು ಬಾರಿ ಮಾಡಿ ಕಲಿತಿರಬೇಕು. ತಿಂಗಳುಗಟ್ಟಲೆ ನಳಿಕೆ ಬೇಕಾಗುವ ಮಕ್ಕಳಿಗೆ ಹೊಟ್ಟೆಯ ಮೇಲಿನಿಂದ ನೇರವಾಗಿ ಜಠರಕ್ಕೆ ದಾರಿ ಮಾಡುವುದುಂಟು. ಹೊಟ್ಟೆಯನ್ನು ಕೊಯ್ದು ತೆರೆಯದೆ ಎಂಡೋಸ್ಕೋಪಿನ ಸಹಾಯದಿಂದ ಇದನ್ನು ಮಾಡುವ ವಿಧಾನವನ್ನು ಅಮೆರಿಕದ ಗಾಡೆರರ್ ಮತ್ತು ಪೊನ್ಸ್ಕಿ ಎಂಬ ವೈದ್ಯರು 1980ರಲ್ಲಿ ಪ್ರಕಟಿಸಿದರು. ನಳಿಕೆ ಹಾಕುವುದೆಂದರೆ ಮಗುವಿನ ಆಸೆ ಬಿಟ್ಟಂತೆ ಎಂದು ಬಹಳಷ್ಟು ಕುಟುಂಬಗಳು ತಿಳಿಯುತ್ತವೆ. ವಾಸ್ತವದಲ್ಲಿ ಅದು ಮಗುವಿಗೆ ಶಕ್ತಿ ತುಂಬಿ, ಬಾಯಿಯಿಂದ ಕುಡಿಯುವುದನ್ನು ಆತುರವಿಲ್ಲದೆ ಕಲಿಸಲು ಸಮಯ ದೊರಕಿಸುವ ಉಪಾಯ. ನಳಿಕೆಯಿಂದ ಹಾಲು ಇಳಿಯುವಾಗ ಮಗುವನ್ನು ಬರಿಯ ಎದೆಗೆ ಚೀಪಲು ಬಿಟ್ಟರೆ ಹೊಟ್ಟೆ ತುಂಬುವುದಕ್ಕೂ ಬಾಯಿಗೂ ಇರುವ ನಂಟು ಉಳಿಯುತ್ತದೆ. ತಾಯಿಯ ಎದೆಗೆ ಮಗುವಿನ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯೂ ಹಾಲು ಹೆಚ್ಚಲು ನೆರವಾಗುತ್ತದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟ ನಗರದಲ್ಲಿ ಆರಂಭವಾದ ಈ ಪದ್ಧತಿಯನ್ನು ತಂದೆ ಅಥವಾ ಅಜ್ಜಿಯೂ ಅನುಸರಿಸಬಹುದು.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ ಮೊದಲಾದವನ್ನು ಆರಂಭಿಸುವಾಗ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ಚಿಕಿತ್ಸಕರು ಹೇಳಬೇಕು. ಬಲವಂತದಿಂದ ತುರುಕಿದರೆ ಮಗು ಚಮಚ ಕಂಡೊಡನೆ ಮುಖ ತಿರುಗಿಸುವುದನ್ನು ಕಲಿಯುತ್ತದೆ. ಈ ಹೆದರಿಕೆ ಮೂಲ ಕಾಯಿಲೆ ವಾಸಿಯಾದ ಮೇಲೂ ವರ್ಷಗಟ್ಟಲೆ ಉಳಿಯಬಹುದು.

ಕುಟುಂಬದ ಮೇಲಿನ ಹೊರೆ

ಈ ಹೊರೆಯನ್ನು ಲೆಕ್ಕ ಹಾಕಿ ನೋಡಿದರೆ ಮಾತ್ರ ಅದರ ಭಾರ ತಿಳಿಯುತ್ತದೆ. ಸ್ಥಿರವಾಗಿ ಹಾಲು ತೆಗೆದುಕೊಳ್ಳುವ ಹಂತ ತಲುಪಿದ ಶಿಶುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಬೇಕು. 3 ಕಿಲೋ ತೂಕದ ಮಗುವಿಗೆ 450 ಮಿಲಿಲೀಟರ್. ಎಂಟು ಬಾರಿಗೆ ಹಂಚಿದರೆ ಪ್ರತಿ ಸಲ ಸುಮಾರು 56 ಮಿಲಿಲೀಟರ್. ಮಗುವಿಗೆ ಎದೆಯ ಅಭ್ಯಾಸ ಮಾಡಿಸಲು 15 ನಿಮಿಷ, ಒಳಲೆಯಿಂದ ಕುಡಿಸಲು 30 ನಿಮಿಷ, ಮುಂದಿನ ಸರದಿಗೆ ಹಾಲು ಹಿಂಡಲು 20 ನಿಮಿಷ, ಪಾತ್ರೆ ತೊಳೆದು ಕುದಿಸಲು 15 ನಿಮಿಷ ಎಂದುಕೊಂಡರೆ ಒಂದು ಸರದಿಗೆ 80 ನಿಮಿಷ. ಎಂಟು ಸರದಿಗೆ 640 ನಿಮಿಷ, ಎಂದರೆ 10 ಗಂಟೆ 40 ನಿಮಿಷ. ಇದರಲ್ಲಿ ಮಗುವಿನ ಸ್ನಾನ, ಬಟ್ಟೆ, ಅಳು ಸೇರಿಲ್ಲ. ತಾಯಿಯ ಊಟ, ನಿದ್ರೆ, ಹೆರಿಗೆಯ ಗಾಯ ಮಾಯುವುದೂ ಸೇರಿಲ್ಲ. ಎರಡು ಸರದಿಗಳ ನಡುವೆ ಉಳಿಯುವುದು 100 ನಿಮಿಷ, ಹಗಲೂ ರಾತ್ರಿಯೂ.

ಇಷ್ಟು ದುಡಿದರೂ ವಾರದ ಕೊನೆಗೆ ತೂಕ ಏರದಿದ್ದಾಗ ತಾಯಿಗೆ ಅದು ತನ್ನದೇ ಸೋಲೆಂದು ತೋರುತ್ತದೆ. ಬಾಣಂತನಕ್ಕೆ ಬಂದ ನೆಂಟರು ಹಾಲು ಸಾಲುತ್ತಿಲ್ಲವೇ, ಮಗು ಏಕೆ ಹೀಗೆ ಬಡವಾಗಿದೆ ಎಂದು ಕೇಳುವ ಒಂದು ಮಾತು ಆ ಭಾವನೆಯನ್ನು ಗಟ್ಟಿಮಾಡುತ್ತದೆ. ದೋಷವಿರುವುದು ಮಗುವಿನ ಅಂಗುಳದಲ್ಲಿ, ಹೃದಯದಲ್ಲಿ ಅಥವಾ ನರಗಳಲ್ಲಿ. ತಾಯಿಯ ಹಾಲಿನಲ್ಲಿ ಅಲ್ಲ. ಇದನ್ನು ವೈದ್ಯರು ತಾಯಿಗೆ ಮಾತ್ರವಲ್ಲ, ಗಂಡ, ಅತ್ತೆ, ತಾಯಿಮನೆಯವರು ಎಲ್ಲರೂ ಕುಳಿತಿರುವಾಗ ಹೇಳುವುದು ಹೆಚ್ಚು ಪರಿಣಾಮಕಾರಿ. ಅಳು ನಿಲ್ಲದಿರುವುದು, ಮಗು ಮಲಗಿದರೂ ತನಗೆ ನಿದ್ರೆ ಬಾರದಿರುವುದು, ಮಗುವನ್ನು ಮುಟ್ಟಲು ಹೆದರುವುದು, ಬದುಕು ಬೇಡವೆನಿಸುವುದು ಇವು ಬಾಣಂತಿಯ ಖಿನ್ನತೆಯ ಲಕ್ಷಣಗಳಾಗಿದ್ದು ಚಿಕಿತ್ಸೆಯಿಂದ ಗುಣವಾಗುತ್ತವೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಮನೆಯವರು ಮತ್ತು ನೆರೆಯವರು ಮಾಡಬಹುದಾದ ನೆರವು

ಇಂತಹ ಮನೆಗೆ ಸಲಹೆಗಳ ಕೊರತೆ ಇರುವುದಿಲ್ಲ, ಕೈಗಳ ಕೊರತೆ ಇರುತ್ತದೆ. ರಾತ್ರಿಯ ಒಂದು ಸರದಿಯನ್ನು ತಂದೆ ಅಥವಾ ಅಜ್ಜಿ ವಹಿಸಿಕೊಂಡು ಹಿಂಡಿಟ್ಟ ಹಾಲನ್ನು ಕುಡಿಸಿದರೆ ತಾಯಿಗೆ ಎಡೆಬಿಡದೆ ನಾಲ್ಕು ಗಂಟೆ ನಿದ್ರೆ ದೊರೆಯುತ್ತದೆ. ಬೇರೆ ಯಾವ ಉಪಕಾರವೂ ಇದಕ್ಕೆ ಸಮವಲ್ಲ. ಇದಕ್ಕಾಗಿ ಅವರೂ ಆಸ್ಪತ್ರೆಯಲ್ಲಿಯೇ ಕ್ರಮವನ್ನು ಕಲಿತಿರಬೇಕು. ಕಲಿಯದವರು ಪಾತ್ರೆ ತೊಳೆದು ಕುದಿಸಿಡಬಹುದು, ಅಡುಗೆ ಮಾಡಿ ತಂದುಕೊಡಬಹುದು, ಹಿರಿಯ ಮಗುವನ್ನು ಶಾಲೆಗೆ ಬಿಟ್ಟುಬರಬಹುದು. ತಮ್ಮ ಅಥವಾ ತಂಗಿ ಬಂದ ಮೇಲೆ ಅಮ್ಮ ತನ್ನೊಡನೆ ಕೂರುವುದೇ ಇಲ್ಲವೆಂದು ಹಿರಿಯ ಮಗು ಮಂಕಾಗುವುದನ್ನು ಯಾರೂ ಗಮನಿಸಿರುವುದಿಲ್ಲ.

ಹಾಲಿನ ಪ್ರಮಾಣ, ಮೂತ್ರ, ವಾಂತಿ, ತೂಕಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಒಬ್ಬರು ವಹಿಸಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಪ್ರತಿ ಭೇಟಿಗೂ ಬೇರೆ ವೈದ್ಯರು ಸಿಗುವಾಗ ಆ ಪುಸ್ತಕವೇ ಮಗುವಿನ ಪರವಾಗಿ ಮಾತನಾಡುತ್ತದೆ. ಹಾಲು ಹಿಂಡುವ ತಾಯಿಗೆ ಹೊಟ್ಟೆ ತುಂಬ ಊಟ ಮತ್ತು ಬಾಯಾರಿದಷ್ಟು ನೀರು ಬೇಕು. ಬಾಣಂತಿಗೆ ನೀರನ್ನು ಮಿತಿಗೊಳಿಸುವ ಹಳೆಯ ಪಥ್ಯ ಇಲ್ಲಿ ಸಲ್ಲದು. ಕೆಮ್ಮು ನೆಗಡಿ ಇರುವವರು ಮಗುವನ್ನು ನೋಡಲು ಹೋಗದಿರುವುದೂ ನೆರವೇ.

ನಂಬಿಕೆಗಳು

ಗರ್ಭಿಣಿ ಗ್ರಹಣಕಾಲದಲ್ಲಿ ಹೊರಗೆ ಬಂದರೆ ಅಥವಾ ಚಾಕು ಕತ್ತರಿ ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ನಂಬಿಕೆ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಗರ್ಭದ ಮೊದಲ ಮೂರು ತಿಂಗಳೊಳಗೆ ಮುಖದ ಎರಡು ಬದಿಗಳು ಬೆಸೆಯದೆ ಉಳಿಯುವುದರಿಂದ ಸೀಳು ಉಂಟಾಗುತ್ತದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ನಂಬಿಕೆಯಿಂದಾಗುವ ಕೇಡು ಏನೆಂದರೆ, ತಾಯಿಯನ್ನು ತಪ್ಪಿತಸ್ಥಳಂತೆ ನೋಡಲಾಗುತ್ತದೆ ಮತ್ತು ಮಗುವನ್ನು ಮುಚ್ಚಿಡಲಾಗುತ್ತದೆ. ದೃಷ್ಟಿ ತೆಗೆಯುವುದರಿಂದ ಮಗುವಿಗೆ ಹಾನಿಯಿಲ್ಲ; ದೃಷ್ಟಿ ತೆಗೆದಾಯಿತೆಂದು ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೆ ಹಾನಿಯಿದೆ. ಹಾಲು ಕುಡಿಯದ ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು, ನೀರು ಬೆರೆಸಿದ ಹಸುವಿನ ಹಾಲು ಕೊಡುವುದು ಸರಿಯಲ್ಲ. ಜೇನುತುಪ್ಪದಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಕಾರಣದಿಂದ ಒಂದು ವರ್ಷ ತುಂಬುವವರೆಗೆ ಅದನ್ನು ಕೊಡಲೇಬಾರದು.

ಸಾರ್ವಜನಿಕ ವ್ಯವಸ್ಥೆ

ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿರುವ ಮನೆಗೆ ಹುಟ್ಟಿದ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ನೀಡಿ ಮಗುವಿನ ತೂಕ ನೋಡುತ್ತಾರೆ. ಹೆರಿಗೆ ಮನೆಯಲ್ಲಿಯೇ ಆಗಿದ್ದರೆ ಮೊದಲ ದಿನವೂ ಬರುತ್ತಾರೆ. ತೊಂದರೆಯನ್ನು ಮೊದಲು ಗುರುತಿಸುವ ಅವಕಾಶ ಅನೇಕ ವೇಳೆ ಅವರಿಗೇ ಇರುತ್ತದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಅಸ್ವಸ್ಥ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ ಮತ್ತು ಸಾಗಾಟ ಉಚಿತ. ಅನಂತರ ಈ ಸೌಲಭ್ಯವನ್ನು ಒಂದು ವರ್ಷದವರೆಗೆ ವಿಸ್ತರಿಸಲಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ, ಡೌನ್ ಸಿಂಡ್ರೋಮ್ ಮತ್ತು ಹುಟ್ಟಿನ ಹೃದಯದೋಷಗಳು ಸೇರಿವೆ. ಇದರಡಿ ಜಿಲ್ಲಾಮಟ್ಟದಲ್ಲಿ ಸ್ಥಾಪಿಸಲಾಗುವ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಲ್ಲಿ ಶಿಶುವೈದ್ಯರೊಡನೆ ವಾಕ್ ಚಿಕಿತ್ಸಕರೂ ಇರಬೇಕೆಂಬ ಯೋಜನೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೀಳು ಅಂಗುಳದ ಮಕ್ಕಳ ಮತ್ತು ನುಂಗುವ ತೊಂದರೆಯುಳ್ಳವರ ತಪಾಸಣೆ ನಡೆಯುತ್ತದೆ.

ಬ್ರಿಟನ್ನಿನಲ್ಲಿ ಸೀಳು ಅಂಗುಳ ಪತ್ತೆಯಾದ 24 ಗಂಟೆಗಳೊಳಗೆ ವಿಶೇಷ ತರಬೇತಿ ಪಡೆದ ದಾದಿಯೊಬ್ಬರು ಕುಟುಂಬವನ್ನು ಸಂಪರ್ಕಿಸಿ, ಹಾಲು ಕುಡಿಸುವುದನ್ನು ಕಲಿಸುವ ವ್ಯವಸ್ಥೆ ಇದೆ. 1979ರಲ್ಲಿ ಸ್ಥಾಪನೆಯಾದ ಅಲ್ಲಿನ ಸೀಳುತುಟಿ ಮತ್ತು ಅಂಗುಳ ಸಂಘವು ಹೊಸ ತಂದೆತಾಯಿಯರನ್ನು ಅದೇ ಹಾದಿ ನಡೆದು ಬಂದ ಹಳೆಯ ತಂದೆತಾಯಿಯರೊಡನೆ ಬೆಸೆಯುತ್ತದೆ. ಭಾರತದಲ್ಲಿ ಶಸ್ತ್ರಚಿಕಿತ್ಸೆಗೆ ಸ್ಮೈಲ್ ಟ್ರೈನ್‌ನಂತಹ ಸಂಸ್ಥೆಗಳ ಮೂಲಕ ಉಚಿತ ನೆರವು ದೊರೆಯುತ್ತಿದ್ದರೂ, ಹುಟ್ಟಿದ ದಿನದಿಂದ ಶಸ್ತ್ರಚಿಕಿತ್ಸೆಯ ದಿನದವರೆಗಿನ ತಿಂಗಳುಗಳಲ್ಲಿ ಮನೆಬಾಗಿಲಿಗೆ ಬರುವ ಪರಿಣತರ ಸಹಾಯ ಇನ್ನೂ ವಿರಳವಾಗಿದೆ.

ದುಡಿಯುವ ತಾಯಿಗೆ 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಇದೆ. ಆದರೆ ಇದು ಕಾಯಿದೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಕೃಷಿ ಕೂಲಿ, ಮನೆಗೆಲಸ ಮಾಡುವವರು ಇದರಿಂದ ಹೊರಗಿದ್ದಾರೆ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ದೊರೆಯುತ್ತದೆ. ಸೀಳು ಅಂಗುಳದ ಮಗುವಿಗೆ ಒಳಲೆಯಿಂದಲೋ ಬಾಟಲಿಯಿಂದಲೋ ಕುಡಿಸಬೇಕಾದ ಅವಧಿ ಕನಿಷ್ಠ ಒಂಬತ್ತು ತಿಂಗಳು.